ಹೋಗಿ ಬರುವ ಬೆಳಕು

ಆ ಮನೆಯಲ್ಲಿ ಊಟದ ಮೇಜಿನ ಮೇಲಿನ ದೀಪ ಒಮ್ಮೆಗೇ ಹತ್ತುತ್ತಿರಲಿಲ್ಲ, ಒಮ್ಮೆಗೇ ಆರುತ್ತಲೂ ಇರಲಿಲ್ಲ. ಬೇರೆಯವರ ಮನೆಯಲ್ಲಿ ಸ್ವಿಚ್ಚು ಒತ್ತಿದರೆ ಬೆಳಕು; ಇಲ್ಲಿ ಗೋಡೆಯ ಮೇಲೊಂದು ದುಂಡನೆಯ ತಿರುಪು. ಅದನ್ನು ಹಸುಗೂಸನ್ನು ಮಗ್ಗುಲಾಗಿಸುವಂತೆ ನಿಧಾನವಾಗಿ ತಿರುಗಿಸಬೇಕು. ಬಲ್ಬಿನೊಳಗಿನ ತಂತಿ ಮೊದಲು ಕೆಂಪಗಾಗಿ, ಆಮೇಲೆ ಕಿತ್ತಳೆಯಾಗಿ, ಕೊನೆಗೆ ಹಳದಿ ಬೆಳಕಾಗಿ ತಟ್ಟೆಗಳ ಮೇಲೆ ಇಳಿಯುವಷ್ಟರಲ್ಲಿ ಹಸಿದವರ ಹೊಟ್ಟೆ ಇನ್ನೊಂದು ಸುತ್ತು ಹಸಿಯುತ್ತಿತ್ತು. ಮೊದಲ ಸಲ ಬಂದ ನೆಂಟರು ಕರೆಂಟು ಹೋಯಿತೆಂದು ಕತ್ತಲಲ್ಲೇ ಚಪ್ಪಲಿ ತಡಕಾಡಿದ್ದುಂಟು.

ಇದೆಲ್ಲ ಮಾವನ ಕಾರುಬಾರು. ಮಾವ ನಾಟಕಮಂದಿರದಲ್ಲಿ ದೀಪದವರು. ರಂಗದ ಮೇಲೆ ಬೆಳಗಾಗಬೇಕಾದರೂ ಸಂಜೆಯಾಗಬೇಕಾದರೂ ಅವರ ಬೆರಳು ಅಲುಗಬೇಕು. "ಮೆಲ್ಲಗೆ, ಮೆಲ್ಲಗೆ" ಎಂದು ಸದಾ ಗೊಣಗುತ್ತಿದ್ದರಿಂದ ನಟರು ಅವರಿಗೆ ಮೆಲ್ಲಣ್ಣ ಎಂದು ಹೆಸರಿಟ್ಟಿದ್ದರು. ಅವರ ಸ್ವಂತ ಹೆಸರು ಅತ್ತೆಗಾದರೂ ನೆನಪಿತ್ತೋ ಇಲ್ಲವೋ. ಅತ್ತೆ "ಏನ್ರೀ" ಎನ್ನುವುದರಲ್ಲೇ ಸಂಸಾರ ಸಾಗಿಸಿದವರು.

ಸೊಸೆಗೆ ಆ ತಿರುಪನ್ನು ಕಂಡರೆ ಆಗುತ್ತಿರಲಿಲ್ಲ. ಅವಳದು ಬೇಕರಿ ಕೆಲಸ. ಊರು ಏಳುವ ಮೊದಲೇ ಒಲೆ ಕಾಯಿಸಿ, ಹಿಟ್ಟು ನಾದಬೇಕು. ಎಲ್ಲರೂ ಗೊರಕೆ ಹೊಡೆಯುತ್ತಿರುವಾಗ ಎದ್ದು, ಚಹಾ ಕುಡಿದು, ಹೊರಡುವಾಗ ತಿರುಪನ್ನು ಟಕ್ಕೆಂದು ಒಂದೇ ಸಲಕ್ಕೆ ತಿರುಗಿಸಿ ಆರಿಸಿಬಿಡುತ್ತಿದ್ದಳು. ಬಂದ ಲಾಗಾಯ್ತಿನಿಂದ ಆ ಮನೆಯಲ್ಲಿ ಅವಳು ನಡೆಸುತ್ತಿದ್ದ ದಂಗೆ ಅದೊಂದೇ.

ದಂಗೆಗೆ ಕಾರಣವೂ ಇತ್ತು. ಮನೆಯ ಹಿಂದಿನ ಕೋಣೆ ಪೂರ್ತಿ ಬಲ್ಬುಗಳ ಪಾಲಾಗಿತ್ತು. ರಂಗದ ದೀಪಗಳಿಗೆ ಹಾಕುವ, ಹೆಬ್ಬೆರಳು ಗಾತ್ರದ ಗಾಜಿನ ಬಲ್ಬುಗಳು. ಅವನ್ನು ಮಾಡುತ್ತಿದ್ದ ಕಾರ್ಖಾನೆ ಕೈಯೆತ್ತಿದ ಮೇಲೆ ನಾಟಕಮಂದಿರದ ಮ್ಯಾನೇಜರು ಒಂದು ಮಾತು ಹೇಳಿದ್ದ: ಇರುವ ಬಲ್ಬು ಮುಗಿಯುವ ತನಕ ಹಳೇ ದೀಪ, ಮುಗಿದ ದಿನ ಎಲ್ಲಾ ಇಳಿಸಿ ಎಲ್‌ಇಡಿ. ಅಂದಿನಿಂದ ಮಾವ ಎಲ್ಲಿ ಯಾವ ಸಭಾಂಗಣ ಮುಚ್ಚಿದರೂ ಹೋಗಿ ಬಲ್ಬು ಬೇಡಿ ತಂದರು. ಇರುವೆ ಮಳೆಗಾಲಕ್ಕೆ ಕೂಡಿಡುವ ಹಾಗೆ ಕೂಡಿಟ್ಟರು. ಕೋಣೆಯ ಕೀಲಿಕೈ ಅವರ ಸೊಂಟದಲ್ಲಿ.

ಸೊಸೆಯ ಮಗಳೋ ಶಾಲೆಯ ಕೊನೆಯ ವರ್ಷದಲ್ಲಿದ್ದಳು. ಓದುವುದು, ಮಲಗುವುದು ಎಲ್ಲ ನಡುಮನೆಯಲ್ಲಿ, ಒಂದು ಕಡೆ ಅಜ್ಜಿಯ ಕೆಮ್ಮು, ಇನ್ನೊಂದು ಕಡೆ ಬೀದಿಯ ಗದ್ದಲ. ವಾದಕ್ಕೆ ನಿಂತರೆ ಬಿಡದ ಹುಡುಗಿಯಾದ್ದರಿಂದ ಮನೆಯವರು ಅವಳನ್ನು ವಕೀಲೆ ಎನ್ನುತ್ತಿದ್ದರು.

"ತಾತ, ಬಲ್ಬಿಗೆ ರೂಮು, ಮೊಮ್ಮಗಳಿಗೆ ನಡುಮನೆ. ಇದು ಯಾವ ನ್ಯಾಯ?" ಎಂದು ವಕೀಲೆ ಒಂದು ದಿನ ಊಟಕ್ಕೆ ಕೂತಾಗ ಶುರುಮಾಡಿದಳು.

"ಬಲ್ಬು ಬಿದ್ರೆ ಒಡೆಯುತ್ತೆ. ನೀನು ಬಿದ್ರೆ ಎದ್ದು ಕೂತು ವಾದ ಮಾಡ್ತೀಯ" ಎಂದರು ಮಾವ, ಆಲೂಗಡ್ಡೆ ಮುರಿಯುತ್ತ.

ಸೊಸೆಯ ಗಂಡ ತಟ್ಟೆಯಿಂದ ತಲೆ ಎತ್ತಿದ. ಅವನ ಕಸುಬೂ ದೀಪದ್ದೇ, ಆದರೆ ಎದುರು ದಿಕ್ಕಿನದು. ಅಂಗಡಿ, ಆಸ್ಪತ್ರೆ, ಶಾಲೆಗಳಲ್ಲಿ ಹಳೆಯ ದೀಪ ಕಿತ್ತು ಎಲ್‌ಇಡಿ ಕೂರಿಸುವುದು. ನಾಟಕಮಂದಿರಕ್ಕೆ ಹೊಸ ದೀಪ ಬಂದರೆ ಆ ಕೆಲಸವೂ ಅವನಿಗೇ ಎಂದು ಮ್ಯಾನೇಜರು ಹೇಳಿಯಾಗಿತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುತ್ತಾರಲ್ಲ, ಆ ಮನೆಯ ನೊಗಕ್ಕೆ ಎರಡೂ ಕಟ್ಟಿದ್ದವು.

"ಅಪ್ಪಾ, ಸಿಟ್ಟಾಗ್ಬೇಡಿ. ಮಾರುಕಟ್ಟೆಯಲ್ಲೇ ಸಿಗದ ಬಲ್ಬು ನಂಬ್ಕೊಂಡು ಎಷ್ಟು ದಿನ ನಾಟಕ ಆಡಿಸ್ತೀರ? ಹೊಸದರಲ್ಲಿ ನಿಮ್ಮ ಹಳದಿ ಬಣ್ಣಾನೂ ಬರುತ್ತೆ."

"ಹತ್ತೋದನ್ನ ಬಿಡಪ್ಪ. ಆರೋದು ಹೇಗೆ?"

"ಆರೋದೂ ನಿಧಾನ ಮಾಡಬಹುದು."

"ನೋಡಿದ್ದೀನಿ ನಿನ್ನ ನಿಧಾನ. ಕೊನೇಲಿ ಚಕ್ ಅಂತ ಮಾಯ. ಹೇಳದೆ ಕೇಳದೆ ಎದ್ದು ಹೋಗೋ ನೆಂಟನ ಹಾಗೆ." ಮಾವ ಕೈ ತೊಳೆಯಲು ಎದ್ದರು. "ನನ್ನ ದೀಪ ಹಾಗಲ್ಲ. ತಂತಿ ಕೆಂಪಗಾಗಿ, ಬಾಗಿಲಲ್ಲಿ ನಿಂತು, ಹೋಗಿ ಬರ್ತೀನಿ ಅಂತ ಹೇಳಿ ಹೋಗುತ್ತೆ. ಮನೆಯವರು ಯಾರಾದ್ರೂ ಹೋಗ್ತೀನಿ ಅಂತಾರೇನೋ? ಹೋಗಿ ಬರ್ತೀನಿ ಅಂತಾರೆ."

"ಬಲ್ಬಿಗೆ ಇರೋ ಸಂಸ್ಕಾರ ನಮಗಿಲ್ಲ ಬಿಡಿ ತಾತ" ಎಂದಳು ವಕೀಲೆ. ಅತ್ತೆ ನಗು ತಡೆಯಲಾಗದೆ ಸೆರಗಿನಲ್ಲಿ ಕೆಮ್ಮಿದರು. ಸೊಸೆ ನಗಲಿಲ್ಲ. ತಟ್ಟೆಗಳನ್ನು ಒಂದರ ಮೇಲೊಂದು ಸದ್ದು ಮಾಡುತ್ತ ಜೋಡಿಸಿದಳು.

ಆ ವಾರವೇ ಮಾವನ ಅಕ್ಕನಿಗೆ ಹುಷಾರು ತಪ್ಪಿತೆಂದು ಸುದ್ದಿ ಬಂತು. ಮಾವ ಚೀಲ ಹಿಡಿದು ಹೊರಟರು. ಹೊರಡುವ ಗಡಿಬಿಡಿಯಲ್ಲಿ ಕೀಲಿಕೈಯನ್ನು ಅತ್ತೆಯ ಕೈಗಿಟ್ಟು, "ಏನೂ ಮುಟ್ಟಬೇಡಿ" ಎಂದರು. ಆ ಮಾತಿಗೆ ಮನೆಯಲ್ಲಿ ಯಾರೂ ಕಿವಿಗೊಡಲಿಲ್ಲ. ಮಾವ ತಮ್ಮ ರೇಜರಿಗೂ ಮುಟ್ಟಬೇಡಿ, ರೇಡಿಯೋಗೂ ಮುಟ್ಟಬೇಡಿ, ತಾವು ಕೂರುವ ಕುರ್ಚಿಗೂ ಮುಟ್ಟಬೇಡಿ ಎನ್ನುವವರು. ದಿನಕ್ಕೆ ಹತ್ತು ಸಲ ಕೇಳಿದ ಮೇಲೆ ಯಾವ ಮಾತಿಗೆ ಬೆಲೆ ಉಳಿದೀತು?

ಮಾರನೆಯ ದಿನ ಸೊಸೆ ಬೇಕರಿಯಿಂದ ಬಂದವಳೇ ಅತ್ತೆಯ ಎದುರು ನಿಂತಳು. "ಅತ್ತೆ, ಆ ಕೋಣೆ ತೆಗೀರಿ. ಬಿಸಾಡೋದೇನೂ ಬೇಡ. ಧೂಳು ಹೊಡೆದು ಒಪ್ಪ ಮಾಡಿದ್ರೆ ಅರ್ಧ ಜಾಗ ಬಿಡುಗಡೆ ಆಗುತ್ತೆ. ಮಗುಗೆ ಒಂದು ಮಂಚ ಹಿಡಿಸಿದ್ರೆ ಸಾಕು."

ಅತ್ತೆ ಎರಡು ಸಲ ಬೇಡವೆಂದರು, ಮೂರನೆಯ ಸಲಕ್ಕೆ ಕೀಲಿಕೈ ಕೊಟ್ಟರು. ಮೊಮ್ಮಗಳ ಮೇಲಿನ ಆಸೆ ಅವರಿಗೇನು ಕಡಿಮೆಯೇ? ಇಬ್ಬರೂ ಸೆರಗು ಸಿಕ್ಕಿಸಿ ಒಳಗೆ ಹೋದರು. ಬಲ್ಬುಗಳೆಲ್ಲ ಮಾಸಿದ ಕಾಗದದ ಸುರುಳಿಗಳಲ್ಲಿ, ಹರಿದ ರಟ್ಟಿನ ಗೂಡುಗಳಲ್ಲಿ, ಜಿರಳೆಗಳ ಜೊತೆ ಬಾಳುವೆ ಮಾಡುತ್ತಿದ್ದವು. ಸೊಸೆ ಒಂದೊಂದನ್ನೂ ಹೊರತೆಗೆದು ಕೈಯಲ್ಲಿ ಹಿಡಿದು ಒರೆಸಿ, ಬೇಕರಿಯಿಂದ ತಂದ ಖಾಲಿ ಮೊಟ್ಟೆ ಟ್ರೇಗಳಲ್ಲಿ ಸಾಲಾಗಿ ಕೂರಿಸಿದಳು. ಬೆಳಗಿನಿಂದ ಬೆಣ್ಣೆ ಹಚ್ಚಿದ ಕೈ. ಎಷ್ಟು ತೊಳೆದರೂ ಬೇಕರಿಯವರ ಕೈಯಲ್ಲಿ ಜಿಡ್ಡು ಇದ್ದೇ ಇರುತ್ತದೆ. ಸಂಜೆಯಾಗುವಷ್ಟರಲ್ಲಿ ಕೋಣೆಯಲ್ಲಿ ನೆಲ ಕಂಡಿತು. ಬಲ್ಬುಗಳು ಫಳಫಳ ಹೊಳೆದವು. ಅವಳಿಗೆ ನಿಜಕ್ಕೂ ಹೆಮ್ಮೆಯೆನಿಸಿತು. ಮಾವನಿಗೂ ಸಂತೋಷವಾಗುತ್ತದೆ ಎಂದುಕೊಂಡಳು.

ಮಾವ ಬಂದು ಬಾಗಿಲಲ್ಲೇ ನಿಂತರು. ಟ್ರೇಗಳನ್ನು ನೋಡಿದರು. ಮುಖ ಬಿಳಿಚಿತು.

"ಬರಿಗೈಲಿ ಮುಟ್ಟಲಿಲ್ಲ ತಾನೆ?"

ಸೊಸೆ ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿಬಿಟ್ಟರು: "ಇಲ್ಲಪ್ಪ ಇಲ್ಲ. ಬಟ್ಟೆ ಸುತ್ಕೊಂಡೇ ಹಿಡಿದ್ವಿ. ನಮಗಷ್ಟೂ ಗೊತ್ತಾಗಲ್ವಾ?"

ಮಾವನ ಉಸಿರು ಕೆಳಗಿಳಿಯಿತು. "ಒಳ್ಳೇದಾಯ್ತು. ಅಂದವಾಗಿ ಜೋಡಿಸಿದ್ದೀಯಮ್ಮ" ಎಂದು ಸೊಸೆಯ ಕಡೆ ನೋಡಿ ಹೇಳಿದರು. ಅವಳು ಅತ್ತೆಯ ಮುಖ ನೋಡಿದಳು, ಅತ್ತೆ ಗೋಡೆ ನೋಡಿದರು. ಮನೆಯಲ್ಲಿ ಜಗಳ ತಪ್ಪಿಸಲೆಂದು ಆಡುವ ಇಂಥ ಸಣ್ಣ ಸುಳ್ಳು ಅತ್ತೆಗೆ ಉಪ್ಪು ಹಾಕಿದಷ್ಟೇ ಸಲೀಸು. ಸೊಸೆಯೂ ಸುಮ್ಮನಾದಳು. ಗಾಜನ್ನು ಕೈಯಲ್ಲಿ ಮುಟ್ಟಿದರೆ ಏನಾಗುತ್ತದೆ ಎಂದು ಅವಳಿಗೆ ತಿಳಿದಿದ್ದರೆ ತಾನೆ?

ಹೊಸ ನಾಟಕದ ತಾಲೀಮು ಶುರುವಾಗಿತ್ತು. ಮಾವ ಮೊದಲ ಸಾಲಿನ ದೀಪಗಳಿಗೆ ಹೊಸದಾಗಿ ಒರೆಸಿಟ್ಟ ಬಲ್ಬುಗಳನ್ನೇ ಹಾಕಿಸಿದರು. ತಾಲೀಮಿನ ದಿನಗಳಲ್ಲಿ ಬೇಕರಿಯಿಂದ ನಾಟಕಮಂದಿರಕ್ಕೆ ಬನ್ನು ಹೋಗುತ್ತಿತ್ತು, ಒಯ್ಯುವವಳು ಸೊಸೆಯೇ. ಒಂದು ಮಧ್ಯಾಹ್ನ ಅವಳು ಬುಟ್ಟಿ ಹೊತ್ತು ಒಳಗೆ ಕಾಲಿಡುವುದಕ್ಕೂ ಮೇಲೆ ಢಬ್ಬೆಂದು ಸದ್ದಾಗುವುದಕ್ಕೂ ಸರಿಹೋಯಿತು. ಒಂದು ದೀಪ ಕಣ್ಣು ಮುಚ್ಚಿತು. ಯಾರೋ ಗುಂಡು ಹಾರಿಸಿದರೆಂದು ಮುಖ್ಯ ನಟಿ ಮಾತು ಮರೆತು ಕುಳಿತೇಬಿಟ್ಟಳು. ಮತ್ತೆ ಶುರುಮಾಡಿ ಸ್ವಲ್ಪ ಹೊತ್ತಿಗೆ ಇನ್ನೊಂದು ಢಬ್. ದೀಪದ ಬಾಯಿಗೆ ಜಾಲರಿ ಕಟ್ಟಿದ್ದರಿಂದ ಚೂರು ಕೆಳಗೆ ಬೀಳಲಿಲ್ಲ, ಅಷ್ಟೇ ಪುಣ್ಯ.

ಮ್ಯಾನೇಜರು ಕೆಟ್ಟವನಲ್ಲ, ಕರೆಂಟು ಬಿಲ್ಲು ಕಟ್ಟಿ ಕಟ್ಟಿ ಸೋತವನು. "ಮೆಲ್ಲಣ್ಣ, ನಾಟಕದ ದಿನ ಹೀಗಾದ್ರೆ ನನ್ನ ಗತಿಯೇನು? ಇನ್ನೊಂದು ಸಿಡಿದ್ರೆ ನಾನು ಕಾಯಲ್ಲ, ಎಲ್ಲಾ ಇಳಿಸಿಬಿಡೋಣ" ಎಂದ.

ಮಾವ ಏಣಿ ಹತ್ತಿ, ಮಂಡಿ ನೋವಿಗೆ ಹಲ್ಲು ಕಚ್ಚುತ್ತ, ಸಿಡಿದ ಬಲ್ಬಿನ ಬುಡ ತೆಗೆದು ತಂದರು. ಉಳಿದ ಗಾಜಿನ ಮೇಲೆ ಹಾಲು ಚೆಲ್ಲಿದಂಥ ಬಿಳಿ ಮಚ್ಚೆ. "ಇದು ಬೆರಳು ಗುರುತು" ಎಂದರು ಸೊಸೆಗೆ ತೋರಿಸುತ್ತ. "ಜಿಡ್ಡು ಕೈಲಿ ಮುಟ್ಟಿದ್ರೆ ಆ ಜಾಗ ಹೆಚ್ಚು ಕಾದು ಗಾಜು ಬಾತುಕೊಳ್ಳುತ್ತೆ, ಆಮೇಲೆ ಸಿಡಿಯುತ್ತೆ. ಹಾಕುವಾಗ ನನ್ನ ಕೈಗವಸು ಸರಿದಿರಬೇಕು. ನಲವತ್ತು ವರ್ಷದಲ್ಲಿ ಹೀಗಾಗಿರಲಿಲ್ಲ."

ಸೊಸೆಯ ಕೈಯಲ್ಲಿ ಖಾಲಿ ಬುಟ್ಟಿಯಿತ್ತು; ಅದೇ ಭಾರವಾಯಿತು. ಅಷ್ಟು ಜನರ ಎದುರು ಅವಳ ನಾಲಿಗೆ ಹೊರಳಲಿಲ್ಲ.

ಆ ಸಂಜೆ ಊಟಕ್ಕೆ ಕೂತಾಗ ಮಾವ ಬ್ರೆಡ್ಡು ಮುರಿದು ಹಾಗೇ ಇಟ್ಟರು. "ನಾಳೆ ಮ್ಯಾನೇಜರಿಗೆ ಹೇಳಿಬಿಡ್ತೀನಿ. ಹೊಸದೇ ಹಾಕಿಸಿ ಅಂತ. ಬಲ್ಬಿನ ತಪ್ಪಲ್ಲ, ನನ್ನ ಕೈ ತಪ್ಪು. ಕೈ ನಡುಗೋನು ದೀಪ ಮುಟ್ಟಬಾರದು." ಮಗನ ಕಡೆ ತಿರುಗಿ, "ನಿನಗೂ ಕೆಲಸ ಸಿಕ್ಕ ಹಾಗಾಯ್ತು" ಎಂದರು. ವ್ಯಂಗ್ಯವಿರಲಿಲ್ಲ, ಅದೇ ಹೆಚ್ಚು ಚುಚ್ಚಿತು.

ಗೆದ್ದೆನೆಂದು ಬೀಗಬೇಕಾದ ಗಂಡ ತಲೆ ತಗ್ಗಿಸಿದ. ಅತ್ತೆ ಬಡಿಸುವ ಸೌಟನ್ನು ಪಾತ್ರೆಯಲ್ಲೇ ಬಿಟ್ಟರು. ಸೊಸೆಗೆ ಇನ್ನು ತಡೆಯಲಾಗಲಿಲ್ಲ.

"ಮಾವ, ನಿಮ್ಮ ಕೈ ತಪ್ಪಿಲ್ಲ. ಬಲ್ಬನ್ನ ಮುಟ್ಟಿದ್ದು ನಾನು. ಬರಿಗೈಲಿ, ಬೆಣ್ಣೆ ಕೈಲಿ. ಎಲ್ಲವನ್ನೂ."

"ಸುಳ್ಳು ಹೇಳಿದ್ದು ನಾನು" ಎಂದರು ಅತ್ತೆ, ಪಾತ್ರೆಗೆ ಹೇಳುವಂತೆ.

ಮಾವ ತಮ್ಮ ಎರಡೂ ಅಂಗೈಗಳನ್ನು ದೀಪದ ಕೆಳಗೆ ಹಿಡಿದು ತಿರುಗಿಸಿ ನೋಡಿಕೊಂಡರು. "ಹಾಗಾದ್ರೆ ನನ್ನ ಕೈಯಲ್ಲ!" ಎಂದವರು ಮಗುವಿನಂತೆ ನಕ್ಕರು. ನಗು ಮುಗಿಯುವ ಮೊದಲೇ ಅವಳ ಕೊನೆಯ ಮಾತು ಅವರಿಗೆ ತಲುಪಿತು. "ಎಲ್ಲವನ್ನೂನಾ?"

"ಎಲ್ಲವನ್ನೂ."

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮಾವ ಬೈಯಲಿಲ್ಲ. ಊಟ ಬಿಟ್ಟು ಎದ್ದು ಹಿಂದಿನ ಕೋಣೆಗೆ ಹೋಗಿ ಟ್ರೇಗಳ ನಡುವೆ ಕೂತರು. ಬಾಗಿಲಲ್ಲಿ ನಿಂತ ಸೊಸೆಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ತನ್ನ ಮೇಲೆಯೇ ರೋಷ ಬಂತು.

"ಸರಿ ಮಾಡೋಕೆ ಏನು ಮಾಡ್ಬೇಕು ಹೇಳಿ ಮಾವ. ಅಳ್ತಾ ಕೂತ್ರೆ ಬಲ್ಬು ಶುದ್ಧ ಆಗುತ್ತಾ?"

ಮಾವ ಒಂದು ಟ್ರೇಯನ್ನು ಹತ್ತಿರಕ್ಕೆಳೆದುಕೊಂಡರು. "ಇನ್ನೂ ಕಾಯದೇ ಇರೋ ಬಲ್ಬನ್ನ ಸ್ಪಿರಿಟ್ ಹಚ್ಚಿ ಒರೆಸಿದ್ರೆ ಉಳಿಯುತ್ತೆ. ಒಂದ್ಸಲ ಕಾದು ಮಚ್ಚೆ ಕೂತಿದ್ರೆ ಉಳಿಯಲ್ಲ. ಹತ್ತಿ ಬೇಕು, ಕೈಗವಸು ಬೇಕು, ತಾಳ್ಮೆ ಬೇಕು."

"ಮೊದಲಿನ ಎರಡು ನಾನು ತರ್ತೀನಿ" ಎಂದಳು ಸೊಸೆ.

ಮುಂದಿನ ದಿನಗಳಲ್ಲಿ ಊಟದ ಮೇಜು ಆಸ್ಪತ್ರೆಯಾಯಿತು. ಒಂದು ತುದಿಯಲ್ಲಿ ಸ್ಪಿರಿಟ್ ಬಾಟಲಿ, ಇನ್ನೊಂದು ತುದಿಯಲ್ಲಿ ಬೇಯಿಸಿದ ಮೊಟ್ಟೆ. ಬೇಕರಿಯ ಬಿಳಿ ಕೈಗವಸು ತೊಟ್ಟು ಸೊಸೆ ಒರೆಸುವಳು, ವಕೀಲೆ ಕಿಟಕಿಗೆ ಹಿಡಿದು ಪರೀಕ್ಷಿಸುವಳು, ಅತ್ತೆ ಹೊಸ ಕಾಗದ ಸುತ್ತುವರು. ಮಾವ ಸೊಸೆಯೊಡನೆ ಮಾತಾಡುತ್ತಿದ್ದರು, ಅತ್ತೆಯೊಡನೆ ಮಾತ್ರ ಇಲ್ಲ.

"ನಿಮ್ಮಜ್ಜಿಗೆ ಹೇಳು, ಕಾಗದ ಸಡಿಲ ಆಯ್ತು ಅಂತ."

"ಅಜ್ಜಿ, ಕಾಗದ ಸಡಿಲವಂತೆ."

"ನಿಮ್ಮ ತಾತನಿಗೆ ಹೇಳು, ನನಗೂ ಕಿವಿ ಇದೆ ಅಂತ."

"ತಾತ, ಅಜ್ಜಿಗೆ ಕಿವಿ ಇದೆಯಂತೆ. ಎರಡೂ ಕಡೆ ಫೀಸ್ ಕೊಡಿ, ಇಲ್ಲಾಂದ್ರೆ ಈ ಕೇಸು ಬಿಡ್ತೀನಿ."

ಒರೆಸಿದ್ದೆಲ್ಲ ಉಳಿಯಿತು. ಆದರೆ ತಾಲೀಮಿನಲ್ಲಿ ಹಾಕಿದ್ದ ಸಾಲೂ ಪೂರ್ತಿ ಇಳಿದು ಬಂತು. ಅದರಲ್ಲಿ ಒಂದೊಂದರ ಮೈಮೇಲೂ ಮಚ್ಚೆ. ದೊಡ್ಡ ದೀಪಗಳಿಗೆ ಹಾಕುವ ಜಾತಿಯ ಬಲ್ಬೇ ಹೆಚ್ಚಾಗಿ ಹಾಳಾಗಿತ್ತು. ಕೊನೆಯ ದೃಶ್ಯ ನಿಂತಿದ್ದೇ ಆ ದೀಪಗಳ ಮೇಲೆ. ಮಾವ ಟ್ರೇಯನ್ನು ಎರಡು ಸಲ ಹುಡುಕಿ, "ಇಷ್ಟರಲ್ಲಿ ಆಗಲ್ಲ" ಎಂದರು.

ಬೂಟು ಬಿಚ್ಚುತ್ತಿದ್ದ ಗಂಡ ಅಲ್ಲೇ ನಿಂತ. "ಅಪ್ಪಾ, ಒಂದು ವಿಷಯ. ಪಕ್ಕದೂರಿನ ಸಭಾಂಗಣಕ್ಕೆ ಹೊಸ ದೀಪ ಹಾಕಿದೆನಲ್ಲ, ಅಲ್ಲಿ ಇಳಿಸಿದ್ದು ಇದೇ ಜಾತಿ."

"ಎಲ್ಲಿವೆ ಅವು?"

"ಗುಜರಿಗೆ ಹಾಕ್ದೆ."

ಮಾವ ಎದ್ದು ನಿಂತರು. "ನಾನು ಊರೂರು ಅಲೆದು ಒಂದೊಂದೇ ಬೇಡಿ ತರ್ತಾ ಇದ್ದೆ. ನೀನು ರಾಶಿ ರಾಶಿ ಗುಜರಿಗೆ ಹಾಕ್ದೆ. ಒಂದು ಮಾತು ಹೇಳಬಾರದಿತ್ತೇನೋ?"

"ಹೇಳಿದ್ರೆ ಅವೂ ಇದೇ ಕೋಣೆಗೆ ಬರ್ತಿದ್ವು. ನನ್ನ ಮಗಳು ಎಲ್ಲಿ ಮಲಗಬೇಕಿತ್ತು? ನಿಮಗೆ ಬಲ್ಬು ಕಾಣುತ್ತೆ, ಮನುಷ್ಯರು ಕಾಣಲ್ಲ."

ಮಾತಿಗೆ ಮಾತು ಬೆಳೆಯಿತು. ಸೊಸೆ ಕೈಗವಸು ಬಿಚ್ಚಿ ಮೇಜಿನ ಮೇಲೆ ಹೊಡೆದಳು. "ಸಾಕು ಮಾಡ್ತೀರಾ ಇಬ್ರೂ? ಮಗಳ ಹೆಸರು ಹೇಳಿ ಜಗಳ ಆಡೋರು ಒಂದು ಮಂಚನಾದ್ರೂ ತಂದ್ರಾ? ರೀ, ಆ ಗುಜರಿ ಅಂಗಡಿ ಎಲ್ಲಿ? ಭಾನುವಾರ ನನಗೆ ರಜ."

ಗುಜರಿ ಅಂಗಡಿ ರೈಲು ಹಳಿಯ ಪಕ್ಕದಲ್ಲಿತ್ತು. ಮುರಿದ ಸೈಕಲ್ಲು, ತುಕ್ಕು ಹಿಡಿದ ಡ್ರಮ್ಮುಗಳ ನಡುವೆ ಒಬ್ಬಾಕೆ ಸ್ಟೂಲಿನ ಮೇಲೆ ಕೂತು ತಾಮ್ರದ ತಂತಿ ಸುಲಿಯುತ್ತಿದ್ದಳು. "ಆ ದೀಪಗಳಾ? ಅಲ್ಯೂಮಿನಿಯಂ ಹೋಯ್ತು, ತಾಮ್ರ ಹೋಯ್ತು. ಒಳಗಿನ ಗಾಜನ್ನ ನಾಯಿನೂ ಮೂಸಲ್ಲ. ಹಿಂದೆ ಯಾವುದೋ ಮೂಟೇಲಿ ಬಿದ್ದಿರಬೇಕು. ಹುಡುಕ್ಕೊಳ್ಳಿ, ಕೈ ಕುಯ್ಕೊಂಡ್ರೆ ನನ್ನ ಕೇಳಬೇಡಿ."

ಹಿಂದೆ ಇದ್ದದ್ದು ಒಂದು ಮೂಟೆಯಲ್ಲ. ಸೊಸೆ ಕೈಗವಸು ಏರಿಸಿ ಮಂಡಿಯೂರಿ ಕೂತಳು. ಬಾಟಲಿ ಚೂರು, ಟ್ಯೂಬ್‌ಲೈಟ್ ಚೂರು, ಮತ್ತೆ ಬಾಟಲಿ. ಬಿಸಿಲು ನೆತ್ತಿಗೇರಿತು. ಗಂಡ ಸ್ವಲ್ಪ ಹೊತ್ತು ನಿಂತು ನೋಡಿದ.

"ಕೋಣೆ ಖಾಲಿ ಆಗ್ಬೇಕು ಅಂತಿದ್ದೋಳು ನೀನೇ ಅಲ್ವೇನೇ?"

"ಈಗಲೂ ಅಂತೀನಿ. ಕೋಣೆನೂ ಬೇಕು, ಬಲ್ಬೂ ಬೇಕು. ನಾನು ಕೆಡಿಸಿದ್ದನ್ನ ನಾನೇ ತುಂಬಿಸದೆ ಮಗಳನ್ನ ಆ ಕೋಣೇಲಿ ಮಲಗಿಸಿದ್ರೆ ನನಗೆ ನಿದ್ದೆ ಬರುತ್ತಾ? ನೀವು ಸುಮ್ನೆ ನಿಂತ್ಕೊಂಡು ನೆರಳು ಕೊಡ್ತೀರೋ, ಇನ್ನೊಂದು ಮೂಟೆ ಬಿಚ್ತೀರೋ?"

ಗಂಡ ಮೂಟೆ ಬಿಚ್ಚಿದ. ಬಿಚ್ಚಿದ್ದಷ್ಟೇ ಅಲ್ಲ, ಯಾವ ಜಾತಿ, ಯಾವುದರ ತಂತಿ ಇನ್ನೂ ಗಟ್ಟಿ ಎಂದು ಬಿಸಿಲಿಗೆ ಹಿಡಿದು ನೋಡಿ ಹೇಳಿದ. ಎಷ್ಟೆಂದರೂ ಮೆಲ್ಲಣ್ಣನ ಮಗ. ಕೊನೆಯ ಮೂಟೆಯ ತಳದಲ್ಲಿ, ಒಡೆದ ಬಲ್ಬುಗಳ ಹಾಸಿಗೆಯ ಮೇಲೆ, ಒಡೆಯದವು ಸಿಕ್ಕವು. ಸೊಸೆ ಅವನ್ನು ಕೇಕಿನ ಡಬ್ಬಿಗಳಲ್ಲಿ ಹತ್ತಿ ಹಾಸಿ ಇಟ್ಟಳು. ಗುಜರಿಯಾಕೆ ಕಾಸು ಕೇಳಲಿಲ್ಲ. ಬನ್ನಿನ ಪೊಟ್ಟಣ ತೆಗೆದುಕೊಂಡು, "ಒಡೆದ ಗಾಜಿಗೆ ಬನ್ನು ಕೊಡೋ ಗಿರಾಕಿ ನೀನೊಬ್ಳೇ ಕಣಮ್ಮ" ಎಂದಳು.

ಡಬ್ಬಿ ತೆರೆದು ನೋಡಿದ ಮಾವ ಮಗನ ಭುಜ ಮುಟ್ಟಿದರು. ಅಪ್ಪ ಮಗನ ರಾಜಿಗೆ ಅಷ್ಟು ಸಾಕಾಯಿತು.

ಬಲ್ಬು ಸಿಕ್ಕಿತು, ಮ್ಯಾನೇಜರಿಗೆ ಹೇಳುವುದೇನು? ಅದನ್ನು ಯೋಚಿಸಿದ್ದು ವಕೀಲೆ. "ಅಪ್ಪಾ, ನಾಟಕಮಂದಿರದಲ್ಲಿ ಬೆಳಗಿಂದ ಸಂಜೆವರೆಗೆ ಉರಿಯೋ ದೀಪ ಯಾವುದು? ಸ್ಟೇಜಿಂದಾ?"

ಗಂಡ ಅಗಿಯುವುದನ್ನು ನಿಲ್ಲಿಸಿದ. "ಅಲ್ಲ. ಮೆಟ್ಟಿಲು, ಕಕ್ಕಸು, ಕ್ಯಾಂಟೀನು, ಬಣ್ಣದ ಕೋಣೆ, ಹೊರಗಿನ ಬೋರ್ಡು. ಸ್ಟೇಜು ಉರಿಯೋದು ನಾಟಕ ಇದ್ದಾಗ ಮಾತ್ರ."

"ಮತ್ತೆ ಅವನ್ನೆಲ್ಲಾ ನೀವು ಬದಲಾಯಿಸಿ, ಕರೆಂಟು ಬಿಲ್ಲು ಅಲ್ಲೇ ಇಳಿಯುತ್ತೆ. ಸ್ಟೇಜ್ ತಾತನಿಗೆ ಬಿಡಿ. ಹಾವೂ ಸಾಯ್ಬೇಕು, ಕೋಲೂ ಮುರೀಬಾರ್ದು."

ಮಾರನೆಯ ದಿನ ಮಾವ, ಗಂಡ, ಸೊಸೆ ಮೂವರೂ ಮ್ಯಾನೇಜರ ಮುಂದೆ ನಿಂತರು. ಅವನು ಎಲ್ಲವನ್ನೂ ಕೇಳಿ ಕನ್ನಡಕ ಒರೆಸಿಕೊಂಡ. "ಲೆಕ್ಕ ಸರಿಯಾಗೇ ಇದೆ. ಆದರೆ ಮೆಲ್ಲಣ್ಣ, ನಿಮಗೆ ಏಣಿ ಹತ್ತೋಕಾಗಲ್ಲ. ಇನ್ನು ನಾಲ್ಕು ವರ್ಷಕ್ಕೆ ಈ ದೀಪಗಳನ್ನ ನೋಡೋರು ಯಾರು? ನಿಮ್ಮ ಮಗನಾ?"

ಗಂಡ ತಲೆಯಾಡಿಸಿದ. "ನನ್ನದು ಹೊಸ ದೀಪ ಸರ್. ನನಗೆ ಅಷ್ಟು ತಾಳ್ಮೆ ಇಲ್ಲ."

"ನಾನಿದ್ದೀನಿ" ಎಂದಳು ಸೊಸೆ. ಹೇಳಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು. ಆದರೆ ಮಾತು ವಾಪಸು ತೆಗೆದುಕೊಳ್ಳುವ ಆಸೆ ಆಗಲಿಲ್ಲ.

"ನೀವು ಬೇಕರಿಯವರಲ್ವಾ?"

"ಬೆಳಗ್ಗೆ ಬೇಕರಿ, ಸಂಜೆ ದೀಪ. ಎರಡೂ ಬಿಸಿ ಕಾಯೋ ಕೆಲಸಾನೇ. ಅವಸರ ಮಾಡಿದ್ರೆ ಬ್ರೆಡ್ಡೂ ಕೆಡುತ್ತೆ, ಬಲ್ಬೂ ಕೆಡುತ್ತೆ. ಕೆಡಿಸಿ ನೋಡಿದ್ದೀನಿ, ಇನ್ನು ಕೆಡಿಸಲ್ಲ."

ಮಾವ ಕಿಟಕಿಯ ಕಡೆ ತಿರುಗಿ ಮೂಗೊರೆಸಿಕೊಂಡರು. ಮ್ಯಾನೇಜರು ಕನ್ನಡಕ ಏರಿಸಿಕೊಂಡು, "ಮೊದಲನೇ ಪ್ರದರ್ಶನ ನೋಡೋಣ. ಒಂದು ಸಿಡಿದ್ರೂ ನಾನು ಯಾರ ಮಾತೂ ಕೇಳಲ್ಲ" ಎಂದ.

ಅಂದಿನಿಂದ ಬೇಕರಿ ಮುಗಿದ ಮೇಲೆ ಅವಳು ಏಣಿ ಹತ್ತಿದಳು. ಕೆಳಗೆ ನಿಂತ ಮಾವ "ಮೆಲ್ಲಗೆ, ಮೆಲ್ಲಗೆ" ಎನ್ನುತ್ತಿದ್ದರೆ ಅವಳು ಮೇಲಿನಿಂದ, "ಮಾವ, ನೀವು ಹಾಗಂತಾ ಇದ್ರೆ ಮುಂದಿನ ವರ್ಷ ಇಳೀತೀನಿ" ಎನ್ನುವಳು. ಒಂದೊಂದು ದೀಪದ ಹೊಟ್ಟೆ ತೆರೆದು, ಕೈಗವಸಿನ ಬೆರಳಲ್ಲಿ ಬಲ್ಬು ಕೂರಿಸಿ, ಸ್ಪಿರಿಟಿನಲ್ಲಿ ಕೊನೆಯ ಸಲ ಒರೆಸಿ ಮುಚ್ಚಿದಳು. ಜಾಲರಿಯನ್ನು ಎಳೆದು ನೋಡಿದಳು.

ಪ್ರದರ್ಶನದ ಸಂಜೆ ಜನರನ್ನು ಒಳಗೆ ಬಿಡುವ ಮೊದಲು ಮಾವ ದೀಪಗಳನ್ನು ಏರಿಸಿ ಇಳಿಸುವ ಹಲಗೆಯ ಮುಂದೆ ಕೂತು ಅದರ ಎಲ್ಲ ಹಿಡಿಗಳನ್ನೂ ಕೂದಲೆಳೆಯಷ್ಟು ಮೇಲೆತ್ತಿದರು. ಮೇಲಿನ ದೀಪಗಳಲ್ಲೆಲ್ಲ ತಂತಿ ಕೆಂಡದಂತೆ ಕೆಂಪಗಾಯಿತು. ರಂಗದ ಮೇಲೆ ಬೆಳಕೇನೂ ಬೀಳಲಿಲ್ಲ. "ತಣ್ಣಗಿರೋ ತಂತಿಗೆ ಒಮ್ಮೆಗೇ ಕರೆಂಟು ಹೊಡೆಯಬಾರದು. ಮೈ ಬೆಚ್ಚಗಾಗಲಿ" ಎಂದರು. ಸೊಸೆಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಒಲೆ ಕಾಯುವ ಮೊದಲು ಬ್ರೆಡ್ಡು ಇಡುವವರುಂಟೆ?

ಅತ್ತೆ ಮುಂದಿನ ಸಾಲಿನಲ್ಲಿ ಮೊಮ್ಮಗಳ ಪಕ್ಕ ಕೂತಿದ್ದರು. ಗಂಡ ಬಾಗಿಲ ಬಳಿ, ಮ್ಯಾನೇಜರ ಪಕ್ಕದಲ್ಲಿ ನಿಂತಿದ್ದ. ನಾಟಕ ನಡೆಯಿತು. ಹಲಗೆಯ ಬಳಿ ಮಾವನ ಪಕ್ಕ ಕೂತ ಸೊಸೆಗೆ ಮೊದಲ ಅಂಕದ ಒಂದು ಮಾತೂ ಕಿವಿಗೆ ಬೀಳಲಿಲ್ಲ. ಅವಳ ಕಿವಿ ಮೇಲಿನ ದೀಪಗಳಲ್ಲಿ ನೆಟ್ಟಿತ್ತು. ಎಲ್ಲೋ ಟಪ್ಪೆಂದರೆ ಸಾಕು, ತಲೆ ಎತ್ತಿ ದೀಪಗಳನ್ನು ಎಣಿಸುತ್ತಿದ್ದಳು. ಅದು ಯಾರದೋ ಕುರ್ಚಿ.

ಕೊನೆಯ ದೃಶ್ಯ ಬಂತು. ಎಲ್ಲರೂ ಬಿಟ್ಟುಹೋದ ಮನೆಯಲ್ಲಿ ಒಬ್ಬ ಮುದುಕಿ ಕುರ್ಚಿಯ ಮೇಲೆ ಕೂತಿದ್ದಾಳೆ. ಮಾತಿಲ್ಲ. ಸಂಜೆ ಇಳಿಯಬೇಕು. ಗುಜರಿಯಿಂದ ಬಂದ ಬಲ್ಬುಗಳು ಉರಿಯುತ್ತಿದ್ದದ್ದು ಅಲ್ಲೇ.

"ನೀನೇ ಇಳಿಸು" ಎಂದರು ಮಾವ.

"ಈಗ್ಲಾ?"

"ಮತ್ಯಾವಾಗ?"

ಅವಳು ಹಿಡಿಯ ಮೇಲೆ ಕೈಯಿಟ್ಟಳು. ಮಾವ ಮೆಲ್ಲಗೆ ಎನ್ನಲಿಲ್ಲ. ಅವಳು ಇಳಿಸುತ್ತ ಹೋದಳು. ಮುದುಕಿಯ ಕೆನ್ನೆ ಹಳದಿಯಿಂದ ಕಿತ್ತಳೆಗೆ ತಿರುಗಿತು, ಮಡಿಲಿನ ಕೈಗಳು ಮಬ್ಬಾದವು, ಕುರ್ಚಿಯ ಕಾಲು ಕತ್ತಲೆಯಲ್ಲಿ ಕರಗಿತು. ಹಿಡಿ ತಳ ಮುಟ್ಟಿತು. ಆದರೂ ಬೆಳಕು ಹೋಗಿರಲಿಲ್ಲ. ಮೇಲೆ ತಂತಿಗಳು ಕೆಂಪಗೆ ಉಳಿದಿದ್ದವು, ಮುದುಕಿಯ ಮುಖದ ಮೇಲೆ ಇದ್ದೂ ಇಲ್ಲದಂಥ ಒಂದು ಕೆಂಪು. ಇಡೀ ಸಭೆ ಉಸಿರು ಹಿಡಿದು ಆ ಕೆಂಪನ್ನು ಬಾಗಿಲವರೆಗೆ ಕಳಿಸಿಕೊಟ್ಟಿತು. ಅದು ಪೂರ್ತಿ ಹೋದ ಮೇಲೆಯೇ ಚಪ್ಪಾಳೆ ಬಿತ್ತು. ಸೊಸೆಯ ಕೆನ್ನೆ ಒದ್ದೆಯಾಗಿತ್ತು. ಒರೆಸಿಕೊಳ್ಳಲು ಹೋದರೆ ಕೈಯಲ್ಲಿ ಕೈಗವಸು.

ಮ್ಯಾನೇಜರು ಜನರನ್ನು ದಾಟಿ ಬಂದ. "ಮೆಟ್ಟಿಲ ದೀಪ, ಕ್ಯಾಂಟೀನ್ ದೀಪ ಸೋಮವಾರದಿಂದ ಬದಲಾಯಿಸೋಕೆ ನಿಮ್ಮ ಮಗನಿಗೆ ಹೇಳಿದ್ದೀನಿ. ಸ್ಟೇಜಿನ ಕಡೆ ಅವನು ತಲೆ ಹಾಕಿದ್ರೆ ನನಗೆ ಹೇಳಿ" ಎಂದು ಸೊಸೆಯ ಕೈ ಕುಲುಕಿದ. ಮಾವ ಅಷ್ಟರಲ್ಲಿ ಮುಂದಿನ ಸಾಲಿಗೆ ಇಳಿದು ಹೋಗಿ ಅತ್ತೆಯ ಎದುರು ನಿಂತಿದ್ದರು. "ನಡಿಯೇ, ಮನೆಗೆ ಹೋಗೋಣ. ಹಸಿವಾಗ್ತಿದೆ." ಅತ್ತೆ ಮೊಮ್ಮಗಳ ಕಡೆ ತಿರುಗಿ, "ನಿಮ್ಮ ತಾತನಿಗೆ ಹೇಳು, ಬರ್ತೀನಿ ಅಂತ" ಎಂದರು. ಆದರೆ ಆಗಲೇ ಎದ್ದು ಅವರ ತೋಳು ಹಿಡಿದಾಗಿತ್ತು.

ಮರುವಾರ ಹಿಂದಿನ ಕೋಣೆಗೆ ಮಂಚ ಬಂತು. ಬಲ್ಬುಗಳು ಕೇಕಿನ ಡಬ್ಬಿಗಳಲ್ಲಿ ಗೋಡೆಯ ಮೇಲಿನ ಹಲಗೆಗೆ ಏರಿದವು. "ಯಾರಾದ್ರೂ ಕೇಕು ಅಂತ ಕೈ ಹಾಕಿದ್ರೆ?" ಎಂದಳು ವಕೀಲೆ. "ಹಾಕಿದೋರ ಮೇಲೆ ಕೇಸು ಹಾಕು" ಎಂದರು ಮಾವ. ಕೀಲಿಕೈ ಅವರ ಸೊಂಟದಿಂದ ಸೊಸೆಯ ಸೊಂಟಕ್ಕೆ ಬಂದಿತ್ತು.

ಒಂದು ಬೆಳಗಿನ ಜಾವ ಅವಳು ಎಂದಿನಂತೆ ಎದ್ದು ಚಹಾ ಕುಡಿದು ಚೀಲ ಹೆಗಲಿಗೇರಿಸಿದಳು. ತಡವಾಗಿತ್ತು. ತಿರುಪಿನ ಮೇಲೆ ಕೈಯಿಟ್ಟು, ಟಕ್ಕೆಂದು ತಿರುಗಿಸಲಿಲ್ಲ. ನಿಧಾನವಾಗಿ ಇಳಿಸಿದಳು. ಹಳದಿ ಹೋಗಿ ಕಿತ್ತಳೆ, ಕಿತ್ತಳೆ ಹೋಗಿ ಕೆಂಪು.

ಒಳಗಿನಿಂದ ಅತ್ತೆಯ ನಿದ್ದೆಗಣ್ಣಿನ ದನಿ ಬಂತು. "ಇನ್ನೂ ಹೊರಟಿಲ್ವೇನಮ್ಮ? ಬೇಕರಿಯವರು ಬಯ್ಯಲ್ವಾ?"

"ಬಯ್ಲಿ ಅತ್ತೆ" ಎಂದಳು ಸೊಸೆ, ತಂತಿಯಿಂದ ಕಣ್ಣು ತೆಗೆಯದೆ. "ದೀಪ ಹೊರಟಿದೆ. ಅದನ್ನ ಕಳಿಸಿ, ಆಮೇಲೆ ನಾನೂ ಹೋಗಿ ಬರ್ತೀನಿ."